ಸಕ್ಕರೆ ಹಿಡಿಯುತ್ತದೆ, ದಾಟಿಸುವುದಿಲ್ಲ: ಲ್ಯಾಕ್‌ವೈ ಪ್ರೋಟೀನಿನ ಸಿ154ಜಿ ಪ್ರಕರಣ

ಇ. ಕೋಲೈ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಒಳಗೆ ಎಳೆದುಕೊಳ್ಳುವುದು ಲ್ಯಾಕ್‌ವೈ ಎಂಬ ಪೊರೆ ಪ್ರೋಟೀನಿನ ಮೂಲಕ. 417 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ 154ನೇ ಜಾಗದಲ್ಲಿರುವುದು ಸಿಸ್ಟೀನ್. ಅದನ್ನು ತೆಗೆದು ಗ್ಲೈಸೀನ್ ಕೂರಿಸಿದರೂ ಪ್ರೋಟೀನ್ ತಯಾರಾಗುತ್ತದೆ, ಪೊರೆಯನ್ನು ಸೇರುತ್ತದೆ, ಸಕ್ಕರೆಯನ್ನು ಮೊದಲಿನಷ್ಟೇ ಚೆನ್ನಾಗಿ ಹಿಡಿಯುತ್ತದೆ. ದಾಟಿಸುವ ಕೆಲಸ ಮಾತ್ರ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಸಿಸ್ಟೀನಿನ ಸಿ, ಗ್ಲೈಸೀನಿನ ಜಿ, ನಡುವೆ ಜಾಗದ ಸಂಖ್ಯೆ ಸೇರಿಸಿ ಈ ಮ್ಯುಟೆಂಟನ್ನು (ಬದಲಾದ ರೂಪವನ್ನು) ಸಿ154ಜಿ ಎನ್ನುತ್ತಾರೆ.

ಸಾಗಣೆ ಪ್ರೋಟೀನ್ ಕೆಟ್ಟಾಗ ಸಾಮಾನ್ಯವಾಗಿ ಹಲವು ಕಾರಣಗಳು ಒಟ್ಟಿಗೆ ಹೆಣೆದುಕೊಂಡಿರುತ್ತವೆ. ಮಡಚಿಕೊಳ್ಳುವುದು ಸರಿಯಾಗಿರುವುದಿಲ್ಲ, ಪೊರೆ ತಲುಪಿರುವುದಿಲ್ಲ, ಹಿಡಿತ ಸಡಿಲವಾಗಿರುತ್ತದೆ. ಇಲ್ಲಿ ಅವೆಲ್ಲ ಸರಿಯಾಗಿದ್ದು ಆಕಾರ ಬದಲಿಸುವ ಶಕ್ತಿಯೊಂದೇ ಹೋಗಿದೆ. ಹಾಗಾಗಿ ಸಾಗಣೆಯಲ್ಲಿ ಆಕಾರ ಬದಲಾವಣೆಯ ಪಾಲೆಷ್ಟು ಎಂದು ನೋಡಲು ಇದರಷ್ಟು ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಸರಿಯಿದ್ದಾಗ ಇದು ಕೆಲಸ ಮಾಡುವ ಬಗೆ

ಲ್ಯಾಕ್‌ವೈನಲ್ಲಿ ಪೊರೆಯನ್ನು ಹಾದುಹೋಗುವ 12 ಹೆಲಿಕ್ಸ್‌ಗಳಿವೆ, ಅಂದರೆ ಸರಪಳಿಯ ಸುರುಳಿಯಾದ ಭಾಗಗಳು. ಮೊದಲ ಆರು ಸೇರಿ ಒಂದು ಗೊಂಚಲು, ಮುಂದಿನ ಆರು ಸೇರಿ ಇನ್ನೊಂದು. ಎರಡರ ನಡುವೆ ನೀರು ತುಂಬಿದ ಒಂದು ಕುಳಿ. ಸಕ್ಕರೆ ಕೂರುವ ಜಾಗ ಇರುವುದು ಒಂದೇ, ಅದೂ ಪೊರೆಯ ದಪ್ಪದ ಸುಮಾರು ಮಧ್ಯದಲ್ಲಿ. ಈ ಜಾಗಕ್ಕೆ ಒಮ್ಮೆ ಹೊರಗಿನಿಂದ ದಾರಿ, ಒಮ್ಮೆ ಒಳಗಿನಿಂದ ದಾರಿ. ಎರಡೂ ಕಡೆ ಒಟ್ಟಿಗೆ ತೆರೆಯುವಂತಿಲ್ಲ. ತೆರೆದರೆ ಪ್ರೋಟಾನ್‌ಗಳು (ಹೈಡ್ರೋಜನ್ ಅಯಾನುಗಳು) ಸೋರಿ ಜೀವಕೋಶ ಕೂಡಿಟ್ಟ ಶಕ್ತಿಯೇ ಖಾಲಿಯಾಗುತ್ತದೆ. ಸರದಿಯಂತೆ ಬಾಗಿಲು ತೆರೆಯುವ ಈ ಮಾದರಿಯನ್ನು ಪೊರೆಯ ಪಂಪ್‌ಗಳಿಗೆ ಅನ್ವಯಿಸಿ 1966ರಲ್ಲಿ ಓಲೆಗ್ ಜಾರ್ಡೆಟ್ಸ್ಕಿ ಸ್ಪಷ್ಟವಾಗಿ ಮಂಡಿಸಿದರು. ಅದಕ್ಕೆ ಮೂರು ವರ್ಷ ಮುಂಚೆ, 1963ರಲ್ಲಿ, ಲ್ಯಾಕ್ಟೋಸ್ ಒಳಗೆ ಬರುವಾಗ ಜೊತೆಯಲ್ಲಿ ಪ್ರೋಟಾನ್ ಕೂಡ ಬರುತ್ತದೆ ಎಂದು ಪೀಟರ್ ಮಿಚೆಲ್ ಹೇಳಿದ್ದರು.

ಒಂದು ಸಕ್ಕರೆಗೆ ಒಂದು ಪ್ರೋಟಾನ್, ಇದು ಲೆಕ್ಕ. ಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನ್ ಬಲ, ಅಂದರೆ ಪ್ರೋಟಾನ್‌ಗಳನ್ನು ಒಳಕ್ಕೆ ತಳ್ಳುವ ಬಲ, 180 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. ಸುಮಾರು 60 ಮಿಲಿವೋಲ್ಟಿಗೆ ಹತ್ತು ಪಟ್ಟು ಸಾಂದ್ರತೆಯಂತೆ 180ಕ್ಕೆ ಹತ್ತರ ಮೂರನೇ ಘಾತ, ಅಂದರೆ ಸಾವಿರ ಪಟ್ಟು. ಹೊರಗಿಗಿಂತ ಒಳಗೆ ಸಾವಿರ ಪಟ್ಟು ಲ್ಯಾಕ್ಟೋಸ್ ಕೂಡಿಡಲು ಸಾಧ್ಯವಿರುವ ಮೇಲ್ಮಿತಿ ಇದು. ವೇಗ ಮಾತ್ರ ಕಡಿಮೆ. ಒಂದು ಪ್ರೋಟೀನ್ ಸೆಕೆಂಡಿಗೆ ದಾಟಿಸುವುದು ಸುಮಾರು 20 ಸಕ್ಕರೆ ಅಣುಗಳನ್ನು. ಅಯಾನು ಚಾನೆಲ್ ಒಂದು ಅಷ್ಟೇ ಹೊತ್ತಿನಲ್ಲಿ ಕೋಟಿಗಟ್ಟಲೆ ಅಯಾನುಗಳನ್ನು ಬಿಡಬಲ್ಲದು. ಚಾನೆಲ್ ಒಮ್ಮೆ ತೆರೆದರೆ ಮುಗಿಯಿತು, ಅಯಾನುಗಳು ಹರಿಯುತ್ತಲೇ ಇರುತ್ತವೆ. ಸಾಗಣೆ ಪ್ರೋಟೀನ್ ಪ್ರತಿಯೊಂದು ಅಣುವಿಗೂ ಪೂರ್ತಿ ಒಂದು ಸುತ್ತು ಆಕಾರ ಬದಲಿಸಬೇಕು.

ಆ ಸುತ್ತು ಹೀಗೆ ನಡೆಯುತ್ತದೆ. ಮೊದಲು ಪ್ರೋಟೀನಿಗೆ ಪ್ರೋಟಾನ್ ಅಂಟಿರುತ್ತದೆ. ಇದಕ್ಕೆ ಕಾರಣ 325ನೇ ಗ್ಲುಟಮೇಟ್. ಸುತ್ತಲಿನ ಜಿಡ್ಡಿನ ಪರಿಸರದಿಂದಾಗಿ ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) ಸುಮಾರು 10.5ರವರೆಗೆ ಏರಿದೆ, ಆದ್ದರಿಂದ ಸಾಮಾನ್ಯ ಪಿಎಚ್‌ನಲ್ಲಿ ಅದು ಪ್ರೋಟಾನ್ ಬಿಡುವುದಿಲ್ಲ. ನಂತರ ಹೊರಗಿನಿಂದ ಸಕ್ಕರೆ ಬಂದು ಕೂರುತ್ತದೆ. ಕೂತ ಸಕ್ಕರೆಯ ಸುತ್ತ ಹೆಲಿಕ್ಸ್‌ಗಳು ಬಿಗಿದುಕೊಂಡು ಎರಡೂ ಕಡೆ ಮುಚ್ಚಿದ ಸ್ಥಿತಿ ಬರುತ್ತದೆ. ಆಮೇಲೆ ಒಳಗಿನ ಬದಿ ತೆರೆಯುತ್ತದೆ, ಸಕ್ಕರೆ ಮೊದಲು ಹೊರಡುತ್ತದೆ, ಅದರ ಹಿಂದೆ ಪ್ರೋಟಾನ್. ಖಾಲಿಯಾದ ಪ್ರೋಟೀನ್ ಮತ್ತೆ ಹೊರಮುಖಕ್ಕೆ ತಿರುಗಿ ಹೊಸ ಪ್ರೋಟಾನ್ ಪಡೆಯುತ್ತದೆ. ಸಕ್ಕರೆ, ಪ್ರೋಟಾನ್ ಎರಡೂ ಇದ್ದರೆ ಪ್ರೋಟೀನ್ ತಿರುಗಬಲ್ಲದು, ಎರಡೂ ಇಲ್ಲದಿದ್ದರೂ ತಿರುಗಬಲ್ಲದು. ಪ್ರೋಟಾನ್ ಮಾತ್ರ ಅಂಟಿಕೊಂಡು ಸಕ್ಕರೆ ಇಲ್ಲದಿದ್ದರೆ ತಿರುಗಬಾರದು. ಈ ಒಂದು ನಿಷೇಧದ ಮೇಲೆ ಇಡೀ ವ್ಯವಹಾರ ನಿಂತಿದೆ.

ದೋಷವನ್ನು ಗುರುತಿಸುವುದು

ಸಾಗಣೆ ಅಳೆಯಲು ವಿಕಿರಣಶೀಲ ಕಾರ್ಬನ್-14 ಇರುವ ಲ್ಯಾಕ್ಟೋಸ್ ಬೇಕು. ಟಿ184ರಂಥ, ಲ್ಯಾಕ್‌ಜೆಡ್ ಮತ್ತು ಲ್ಯಾಕ್‌ವೈ ಎರಡೂ ಜೀನ್‌ಗಳು ಕೆಲಸ ಮಾಡದ ತಳಿಗೆ ಮ್ಯುಟೆಂಟ್ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಸೇರಿಸುತ್ತಾರೆ. ಲ್ಯಾಕ್‌ವೈ ಇಲ್ಲದ ತಳಿ ಏಕೆಂಬುದು ಸ್ಪಷ್ಟವೇ ಇದೆ. ಲ್ಯಾಕ್‌ಜೆಡ್ ಕೂಡ ಇರಬಾರದು ಎಂಬುದನ್ನು ಹೊಸಬರು ಮರೆಯುತ್ತಾರೆ. ಅದರಿಂದ ಬರುವ ಬೀಟಾ-ಗ್ಯಾಲಕ್ಟೋಸಿಡೇಸ್ ಒಳಗೆ ಬಂದ ಲ್ಯಾಕ್ಟೋಸನ್ನು ಕೂಡಲೇ ಕತ್ತರಿಸುತ್ತದೆ, ಆಗ ಎಷ್ಟು ಕೂಡಿತು ಎಂಬ ಅಳತೆಗೇ ಅರ್ಥ ಉಳಿಯುವುದಿಲ್ಲ.

ತೊಳೆದ ಕೋಶಗಳನ್ನು ಪಿಎಚ್ 7.5ರ 100 ಮಿಲಿಮೋಲಾರ್ ಪೊಟ್ಯಾಶಿಯಂ ಫಾಸ್ಫೇಟ್ ಮತ್ತು 10 ಮಿಲಿಮೋಲಾರ್ ಮೆಗ್ನೀಶಿಯಂ ಸಲ್ಫೇಟ್ ದ್ರಾವಣದಲ್ಲಿ, 420 ನ್ಯಾನೋಮೀಟರಿನಲ್ಲಿ ಆಪ್ಟಿಕಲ್ ಡೆನ್ಸಿಟಿ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 10 ಬರುವಂತೆ ಕಲಕಿಡುತ್ತಾರೆ. ಅದರಿಂದ 50 ಮೈಕ್ರೋಲೀಟರ್ ತೆಗೆದು, ಲ್ಯಾಕ್ಟೋಸ್ 0.4 ಮಿಲಿಮೋಲಾರ್ ಆಗುವಂತೆ ಸೇರಿಸಿ, ಬೇಕಾದ ಹೊತ್ತಿಗೆ ಪಿಎಚ್ 5.5ರ ಫಾಸ್ಫೇಟ್ ಮತ್ತು ಲಿಥಿಯಂ ಕ್ಲೋರೈಡ್ ಇರುವ ತಂಪು ದ್ರಾವಣದಿಂದ ನಿಲ್ಲಿಸಿ, ತಕ್ಷಣ ಸೋಸುತ್ತಾರೆ. ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ಸೋಸುವುದು ತಡವಾದರೆ ಒಳಗೆ ಬಂದ ಸಕ್ಕರೆ ಹೊರಗೆ ಸೋರುತ್ತದೆ. ದಟ್ಟವಾದ ಕೋಶಗಳಿಗೆ ಆಮ್ಲಜನಕ ಸಾಲದಿದ್ದರೆ ಪ್ರೋಟಾನ್ ಬಲವೇ ಕುಸಿಯುತ್ತದೆ, ಆಗ ಸರಿಯಾದ ಪ್ರೋಟೀನ್ ಕೂಡ ಕೆಟ್ಟದ್ದರಂತೆ ಕಾಣುತ್ತದೆ. ಆದ್ದರಿಂದ ಮೂಲ ಪ್ರೋಟೀನಿರುವ ಕೋಶಗಳು ಮತ್ತು ಬರೀ ಪ್ಲಾಸ್ಮಿಡ್ ಇರುವ ಕೋಶಗಳು, ಎರಡನ್ನೂ ಪ್ರತಿ ಸಲ ಜೊತೆಯಲ್ಲಿ ಓಡಿಸಬೇಕು.

ಸಿ154ಜಿ ಈ ಪರೀಕ್ಷೆಯಲ್ಲಿ ಬೀಳುತ್ತದೆ. ಹಾಗೆಂದ ಮಾತ್ರಕ್ಕೆ ಸಾಗಣೆ ಯಂತ್ರವೇ ಕೆಟ್ಟಿದೆ ಎನ್ನಲು ಆಗುವುದಿಲ್ಲ. ಪೊರೆಯನ್ನು ಬೇರ್ಪಡಿಸಿ ವೆಸ್ಟರ್ನ್ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನನ್ನು ಗುರುತಿಸುವ ಪರೀಕ್ಷೆ) ಮಾಡಿ ಪ್ರೋಟೀನ್ ಅಲ್ಲಿದೆಯೇ ಎಂದು ನೋಡಬೇಕು. ಇದೆ ಎಂದಾದರೆ ಮುಂದಿನ ಪ್ರಶ್ನೆ: ಸಕ್ಕರೆ ಹಿಡಿಯುತ್ತದೆಯೇ?

ಹಿಡಿತ ನೋಡಲು 148ನೇ ಸಿಸ್ಟೀನ್ ನೆರವಿಗೆ ಬರುತ್ತದೆ. ಅದು ಸಕ್ಕರೆ ಕೂರುವ ಜಾಗದ ಪಕ್ಕದಲ್ಲೇ ಇದೆ. ಎನ್-ಈಥೈಲ್ ಮ್ಯಾಲಿಮೈಡ್ ಎಂಬ ರಾಸಾಯನಿಕ ಅದಕ್ಕೆ ಅಂಟುತ್ತದೆ. ಸಕ್ಕರೆ ಮೊದಲೇ ಕೂತಿದ್ದರೆ ಅಂಟಲು ಬಿಡುವುದಿಲ್ಲ. ಇದೇ ತಂತ್ರದಿಂದ 1965ರಲ್ಲಿ ಫಾಕ್ಸ್ ಮತ್ತು ಕೆನೆಡಿ ಈ ಪ್ರೋಟೀನನ್ನು ಪೊರೆಯಲ್ಲಿ ಮೊದಲ ಬಾರಿ ಗುರುತು ಹಾಕಿ ಹಿಡಿದದ್ದು. ಲ್ಯಾಕ್ಟೋಸಿನ ಬದಲು ಸಾಮಾನ್ಯವಾಗಿ ಟಿಡಿಜಿ ಬಳಸುತ್ತಾರೆ. ಎರಡು ಗ್ಯಾಲಕ್ಟೋಸ್ ಉಂಗುರಗಳನ್ನು ಗಂಧಕದ ಪರಮಾಣು ಜೋಡಿಸಿರುವ ಈ ಸಕ್ಕರೆಯನ್ನು ಪ್ರೋಟೀನ್ ಲ್ಯಾಕ್ಟೋಸಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಸಿ154ಜಿ ಹಿಡಿತದ ಪರೀಕ್ಷೆಯಲ್ಲಿ ಯಾವ ತಕರಾರೂ ಇಲ್ಲದೆ ಪಾಸಾಗುತ್ತದೆ.

ಹಿಡಿದೂ ದಾಟಿಸದ ಮ್ಯುಟೆಂಟ್‌ಗಳೆಲ್ಲ ಒಂದೇ ಜಾತಿಯವಲ್ಲ. 325ನೇ ಗ್ಲುಟಮೇಟನ್ನು ಅಲನೀನ್ ಮಾಡಿದ ಇನ್ನೊಂದು ಮ್ಯುಟೆಂಟ್ ಇದೆ. ಅದೂ ಸಕ್ಕರೆ ಹಿಡಿಯುತ್ತದೆ, ಅದೂ ಲ್ಯಾಕ್ಟೋಸ್ ಕೂಡಿಡುವುದಿಲ್ಲ. ಆದರೆ ಪೊರೆಯ ಎರಡೂ ಕಡೆ ಸಕ್ಕರೆ ಇಟ್ಟರೆ ಒಳಗಿನ ಸಕ್ಕರೆ ಹೊರಗೆ, ಹೊರಗಿನದು ಒಳಗೆ, ಸರಾಗವಾಗಿ ಅದಲುಬದಲಾಗುತ್ತವೆ. ಅಂದರೆ ಅಲ್ಲಿ ಬಾಗಿಲು ಚೆನ್ನಾಗಿ ಆಡುತ್ತಿದೆ. ಕೆಟ್ಟಿರುವುದು ಪ್ರೋಟಾನ್ ಬಿಡುವ ಹೆಜ್ಜೆ. ಯಾವ ಮ್ಯುಟೆಂಟ್ ಕೈಗೆ ಬಂದರೂ ಈ ಅದಲುಬದಲಿನ ಪರೀಕ್ಷೆಯನ್ನು ಬಿಡಬಾರದು. ಕೆಟ್ಟಿರುವುದು ಸುತ್ತಿನ ಯಾವ ಹೆಜ್ಜೆ ಎಂದು ಬೇರೆ ಮಾಡಿ ತೋರಿಸುವ ಅಗ್ಗದ ಪರೀಕ್ಷೆ ಅದು.

ಸಿ154ಜಿಯ ದೋಷ ಬೇರೆ ಕಡೆ ಇದೆ ಎಂದು ಸಾರಿದ್ದು ಗುರುತು ಹಾಕುವ ಪ್ರಯೋಗಗಳು. ಮೂಲ ಪ್ರೋಟೀನಿಗೆ ಟಿಡಿಜಿ ಕೊಟ್ಟರೆ ಹೊರಬದಿಯ ಕುಳಿಯಲ್ಲಿ ಹುದುಗಿದ್ದ ಜಾಗಗಳು ರಾಸಾಯನಿಕಕ್ಕೆ ಹೆಚ್ಚು ಸಿಗತೊಡಗುತ್ತವೆ, ಒಳಬದಿಯವು ಮುಚ್ಚಿಕೊಳ್ಳುತ್ತವೆ. ಸಿ154ಜಿಗೆ ಸಕ್ಕರೆ ಕೊಟ್ಟರೆ ಇಂಥ ಬದಲಾವಣೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸಕ್ಕರೆ ಬಂದು ಕೂತಿದೆ, ಪ್ರೋಟೀನ್ ಅಲುಗಿಲ್ಲ.

154ರ ಎದುರಿಗೆ ಏನಿದೆ

2003ರಲ್ಲಿ ರೊನಾಲ್ಡ್ ಕಬಾಕ್ ಮತ್ತು ಸೋ ಇವಾಟಾ ಅವರ ತಂಡಗಳು ಲ್ಯಾಕ್‌ವೈನ ಮೊದಲ ಸ್ಫಟಿಕ ರಚನೆಯನ್ನು 3.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಸ್ಪಷ್ಟತೆಯಲ್ಲಿ ಪ್ರಕಟಿಸಿದವು. ಸ್ಫಟಿಕವಾಗಲು ಒಪ್ಪಿದ್ದು ಇದೇ ಸಿ154ಜಿ. ಡಿಟರ್ಜೆಂಟಿನಲ್ಲಿ ಕರಗಿಸಿದ ಮೂಲ ಪ್ರೋಟೀನ್ ಸದಾ ಅಲುಗಾಡುತ್ತಿರುತ್ತದೆ, ಬಿಸಿ ತಗುಲಿದರೆ ಮುದ್ದೆಗಟ್ಟುತ್ತದೆ. ಸಿ154ಜಿ ಶಾಖಕ್ಕೆ ಹೆಚ್ಚು ತಾಳುತ್ತದೆ. ಅದನ್ನು ಕೆಲಸಕ್ಕೆ ಬಾರದಂತೆ ಮಾಡಿದ ಬಿಗಿತವೇ ಸ್ಫಟಿಕಕ್ಕೆ ಬೇಕಾದ ನಿಶ್ಚಲತೆಯನ್ನೂ ಕೊಟ್ಟಿತು.

ಆ ರಚನೆಯಲ್ಲಿ ಕುಳಿ ಕೋಶದ ಒಳಬದಿಗೆ ತೆರೆದಿದೆ, ಹೊರಬದಿ ಮುಚ್ಚಿದೆ. ಐದನೇ ಹೆಲಿಕ್ಸನ್ನು ಹತ್ತಿರದಿಂದ ನೋಡಿದರೆ ಪ್ರಕರಣದ ಗಂಟು ಸಿಗುತ್ತದೆ. ಸಕ್ಕರೆ ಹಿಡಿಯುವ 144ನೇ ಅರ್ಜಿನೀನ್ ಇರುವುದು ಈ ಹೆಲಿಕ್ಸಿನಲ್ಲಿ. ಪಕ್ಕದ ನಾಲ್ಕನೇ ಹೆಲಿಕ್ಸಿನ 126ನೇ ಗ್ಲುಟಮೇಟ್ ಅದಕ್ಕೆ ಜೋಡಿ. 151ನೇ ಟ್ರಿಪ್ಟೊಫ್ಯಾನ್ ಇರುವುದೂ ಇಲ್ಲೇ. ಅದರ ಚಪ್ಪಟೆ ಉಂಗುರದ ಮೇಲೆ ಗ್ಯಾಲಕ್ಟೋಸಿನ ಉಂಗುರ ಹಾಸಿದಂತೆ ಕೂರುತ್ತದೆ. ಪ್ರೋಟೀನ್ ಗುರುತಿಸುವುದು ಸಕ್ಕರೆಯ ಗ್ಯಾಲಕ್ಟೋಸ್ ಭಾಗವನ್ನು ಮಾತ್ರ. ನಾಲ್ಕನೇ ಕಾರ್ಬನ್ನಿನ ಹೈಡ್ರಾಕ್ಸಿಲ್ ಗುಂಪಿನ ದಿಕ್ಕೊಂದು ಬದಲಾದರೆ ಅದು ಗ್ಲೂಕೋಸ್, ಆಗ ಲ್ಯಾಕ್‌ವೈ ಅದನ್ನು ಮೂಸಿಯೂ ನೋಡುವುದಿಲ್ಲ. 154 ಇರುವುದು 148ರಿಂದ ಆರು ಅಮೈನೋ ಆಮ್ಲಗಳಾಚೆ. ಹೆಲಿಕ್ಸಿನಲ್ಲಿ ಒಂದಕ್ಕೆ 1.5 ಆಂಗ್‌ಸ್ಟ್ರಾಮ್ ಏರಿಕೆ ಎಂದರೆ 9 ಆಂಗ್‌ಸ್ಟ್ರಾಮ್. ಅದರ ಮುಖವಿರುವುದು ಸಕ್ಕರೆಯ ಕಡೆಗಲ್ಲ, ಒಂದನೇ ಹೆಲಿಕ್ಸಿನ ಕಡೆಗೆ.

ಒಂದನೇ ಮತ್ತು ಐದನೇ ಹೆಲಿಕ್ಸ್‌ಗಳು ಪೊರೆಯ ಸುಮಾರು ಮಧ್ಯದಲ್ಲಿ ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಆ ಜಾಗದಲ್ಲಿ 154ಕ್ಕೆ ಎದುರಾಗಿರುವುದು ಒಂದನೇ ಹೆಲಿಕ್ಸಿನ 24ನೇ ಗ್ಲೈಸೀನ್. ಗ್ಲೈಸೀನಿನ ಪಕ್ಕ ಸರಪಳಿ ಎಂದರೆ ಬರೀ ಒಂದು ಹೈಡ್ರೋಜನ್. ಎದುರಿಗಿದ್ದ ಸಿಸ್ಟೀನಿನ ಗಂಧಕ ಎರಡು ಹೆಲಿಕ್ಸ್‌ಗಳ ನಡುವೆ ಒಂದಿಷ್ಟು ಅಂತರ ಕಾಯುತ್ತಿತ್ತು. ಅಲ್ಲೂ ಗ್ಲೈಸೀನ್ ಬಂದರೆ ಎರಡು ಕಡೆಯೂ ಬೋಳು, ಹೆಲಿಕ್ಸ್‌ಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಕಿತ್ತ ಭಾಗ ಸುಮಾರು 48 ಘನ ಆಂಗ್‌ಸ್ಟ್ರಾಮ್‌ನಷ್ಟು, ಎರಡು ನೀರಿನ ಅಣುಗಳಿಗೂ ಸಾಲದಷ್ಟು ಜಾಗ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಒಂದನೇ ಮತ್ತು ಐದನೇ ಹೆಲಿಕ್ಸ್‌ಗಳು ಎರಡೂ ಮೊದಲ ಗೊಂಚಲಿಗೇ ಸೇರಿದವು. ಸಾಗಣೆಯನ್ನು ವಿವರಿಸುವಾಗ ಎರಡು ಗಟ್ಟಿ ಗೊಂಚಲುಗಳು ತೂಗುಮಂಚದಂತೆ ಆಚೀಚೆ ಓಲಾಡುತ್ತವೆ ಎಂದು ಚಿತ್ರ ಬರೆಯುವುದುಂಟು. ಚಿತ್ರ ಅಷ್ಟೇ ಆಗಿದ್ದರೆ ಗೊಂಚಲಿನ ಒಳಗಿನ ಬಿಗಿತ ಸಾಗಣೆಯನ್ನು ಹೀಗೆ ನಿಲ್ಲಿಸಬೇಕಿರಲಿಲ್ಲ. ನಮ್ಮ ಓದಿನ ಪ್ರಕಾರ ಸಿ154ಜಿ ತೋರಿಸುವುದು ಬೇರೆಯದನ್ನೇ: ಓಲಾಡುವುದರ ಜೊತೆಗೆ ಗೊಂಚಲಿನ ಒಳಗಿನ ಹೆಲಿಕ್ಸ್‌ಗಳೂ ಒಂದರ ಮೇಲೊಂದು ಜಾರಬೇಕು, ಓರೆಯಾಗಬೇಕು. ಸಕ್ಕರೆ ಹಿಡಿಯುವ ಹೆಲಿಕ್ಸೇ ಪಕ್ಕದವರಿಗೆ ಅಂಟಿಕೊಂಡರೆ ಹಿಡಿತ ಉಳಿದು ಚಲನೆ ಹೋಗುವುದು ಸಹಜ.

ಎದುರಿನ ಗ್ಲೈಸೀನನ್ನು ಬದಲಿಸಿದರೆ

ಬಿಗಿತವೇ ಕಾರಣ ಎಂಬುದು ಸರಿಯಿದ್ದರೆ, ಕಳೆದ ಗಂಧಕವನ್ನು ಎದುರಿನ ಹೆಲಿಕ್ಸಿನಿಂದ ಮರಳಿ ಒದಗಿಸಿದಾಗ ಸಾಗಣೆ ಮರಳಬೇಕು. 2005ರಲ್ಲಿ ಕಬಾಕ್ ಅವರ ಪ್ರಯೋಗಾಲಯ ಸಿ154ಜಿಯಲ್ಲಿ 24ನೇ ಗ್ಲೈಸೀನನ್ನು ಸಿಸ್ಟೀನ್ ಮಾಡಿ ನೋಡಿತು. ಸಾಗಣೆ ಗಮನಾರ್ಹವಾಗಿ ಮರಳಿತು. ಶಾಖ ತಾಳುವ ಗುಣ ಮತ್ತು ಸಕ್ಕರೆ ಹಿಡಿತ ಎರಡೂ ಮೂಲ ಪ್ರೋಟೀನಿನಂತೆಯೇ ಇದ್ದವು.

ಕಥೆ ಅಲ್ಲಿಗೆ ಮುಗಿದಿದ್ದರೆ ತುಂಬಾ ಸರಳವಾಗುತ್ತಿತ್ತು. ಅದೇ 24ರಲ್ಲಿ ಬೇರೆ ಅಮೈನೋ ಆಮ್ಲಗಳನ್ನು ಕೂರಿಸಿದಾಗ ವ್ಯಾಲೀನ್ ಮತ್ತು ಆಸ್ಪಾರ್ಟೇಟ್ ಮಾತ್ರ ಏನಾದರೂ ಉಪಕಾರ ಮಾಡಿದವು, ಅದೂ ಸಿಸ್ಟೀನಿಗಿಂತ ಬಹಳ ಕಡಿಮೆ. ಬರೀ ಅಂತರದ ಪ್ರಶ್ನೆಯಾಗಿದ್ದರೆ ಅಲನೀನ್ ಮತ್ತು ಸೆರೀನ್ ಕೂಡ ಸ್ವಲ್ಪವಾದರೂ ನೆರವಾಗಬೇಕಿತ್ತು. ಪೊರೆಯ ನಡುವೆ ಋಣ ವಿದ್ಯುದಂಶ ಹೊತ್ತ ಆಸ್ಪಾರ್ಟೇಟ್ ನೆರವಾದದ್ದಂತೂ ಯಾರೂ ಮೊದಲೇ ಊಹಿಸುವಂಥದ್ದಲ್ಲ. ಹಾಗಾಗಿ ಬಿಗಿತ ಮುಖ್ಯ ಕಾರಣ ಎನ್ನುವುದು ಸರಿ, ಅದೊಂದೇ ಕಾರಣ ಎನ್ನುವುದು ಸರಿಯಲ್ಲ. ಇಷ್ಟೊಂದು ಅಚ್ಚುಕಟ್ಟಾದ ಮರುಜೀವವನ್ನು ಕಂಡ ಮೇಲೂ ಉಳಿದ ಬದಲಾವಣೆಗಳನ್ನು ಮಾಡಿ ನೋಡಿದ್ದರಿಂದಲೇ ಈ ಸೂಕ್ಷ್ಮ ಹೊರಬಂತು.

ಶಾಖದ ಲೆಕ್ಕ

ಚಲನೆ ಹೋಗಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ 2006ರಲ್ಲಿ ಕ್ಯಾಲೊರಿಮೀಟರಿನಿಂದ ಬಂತು. ಸಕ್ಕರೆ ಅಂಟುವಾಗ ಹೊರಬೀಳುವ ಅಥವಾ ಒಳಗೆಳೆಯುವ ಶಾಖವನ್ನು ಅದು ನೇರವಾಗಿ ಅಳೆಯುತ್ತದೆ. ಪೊರೆ ಪ್ರೋಟೀನಿನಲ್ಲಿ ಈ ಅಳತೆಗೆ ಒಂದು ಎಚ್ಚರಿಕೆ ಬೇಕು. ಸಿರಿಂಜಿನ ದ್ರಾವಣದಲ್ಲೂ ಪಾತ್ರೆಯ ದ್ರಾವಣದಲ್ಲೂ ಡಿಟರ್ಜೆಂಟಿನ ಪ್ರಮಾಣ ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಮಿಸೆಲ್‌ಗಳು (ಡಿಟರ್ಜೆಂಟ್ ಅಣುಗಳ ಗುಂಪುಗಳು) ಒಡೆಯುವ ಶಾಖವೇ ದೊಡ್ಡದಾಗಿ, ಸಕ್ಕರೆಯ ಸಣ್ಣ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಪ್ರೋಟೀನ್ ಇಲ್ಲದ ದ್ರಾವಣಕ್ಕೆ ಸಕ್ಕರೆ ಸುರಿದ ಓಟವನ್ನು ಕಳೆಯುವುದೂ ಕಡ್ಡಾಯ.

ಮೂಲ ಪ್ರೋಟೀನ್ ಮತ್ತು ಸಿ154ಜಿ ಎರಡರಲ್ಲೂ ಹಿಡಿತದ ಗಟ್ಟಿತನ ಹೆಚ್ಚುಕಡಿಮೆ ಒಂದೇ. ಆದರೆ ಆ ಗಟ್ಟಿತನ ಬರುವ ಮೂಲ ಬೇರೆ. ಮೂಲ ಪ್ರೋಟೀನಿನಲ್ಲಿ ಅದು ಮುಖ್ಯವಾಗಿ ಎಂಟ್ರೊಪಿಯ ಏರಿಕೆಯಿಂದ ಬರುತ್ತದೆ. ಅಂದರೆ ಸಕ್ಕರೆ ಕೂತ ಮೇಲೂ ಪ್ರೋಟೀನ್ ಹಲವು ಆಕಾರಗಳಲ್ಲಿ ಸುಳಿದಾಡುತ್ತದೆ. ಸಿ154ಜಿಯಲ್ಲಿ ಗಟ್ಟಿತನವೆಲ್ಲ ಎಂಥಾಲ್ಪಿಯಿಂದ, ಅಂದರೆ ಬಂಧಗಳಿಂದ. ಆಕಾರಗಳ ಆಯ್ಕೆ ಅದಕ್ಕೆ ಇಲ್ಲ. ಹಿಡಿತದ ಒಂದೇ ಸಂಖ್ಯೆಯನ್ನು ನೋಡಿ ಎರಡೂ ಒಂದೇ ಎಂದು ಬರೆದಿಟ್ಟಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಸ್ಫಟಿಕ ಹೇಳದ ಭಾಗ

ಮ್ಯುಟೆಂಟ್ ಒಳಮುಖವಾಗಿ ಸಿಕ್ಕಿಕೊಂಡಿದೆ ಸರಿ, ಮೂಲ ಪ್ರೋಟೀನ್ ಹೇಗಿರುತ್ತದೆ? 2007ರಲ್ಲಿ ಅದರ ಸ್ಫಟಿಕವೂ ಸಿಕ್ಕಿತು, ಒಟ್ಟಾರೆ ಆಕಾರ ಸಿ154ಜಿಯದ್ದೇ. ಇದರಿಂದ ಮೂಲ ಪ್ರೋಟೀನ್ ಕೂಡ ಚಲಿಸುವುದಿಲ್ಲ ಎಂದುಕೊಂಡರೆ ದೊಡ್ಡ ತಪ್ಪು. ಸ್ಫಟಿಕ ಬೆಳೆಯುವಾಗ ಹಲವು ಆಕಾರಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಉಳಿದವು ದ್ರಾವಣದಲ್ಲೇ ಉಳಿಯುತ್ತವೆ.

ಅದೇ ವರ್ಷ ಸ್ಪಿನ್ ಗುರುತುಗಳನ್ನು (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಸಣ್ಣ ಅಣುಗಳನ್ನು) ಜೋಡಿಜೋಡಿಯಾಗಿ ಅಂಟಿಸಿ, ಹೆಪ್ಪುಗಟ್ಟಿಸಿ, ಅವುಗಳ ನಡುವಿನ ದೂರ ಅಳೆದರು. ಸಕ್ಕರೆ ಸೇರಿಸಿದಾಗ ಒಳಬದಿಯ ಜೋಡಿಗಳು 4ರಿಂದ 21 ಆಂಗ್‌ಸ್ಟ್ರಾಮ್‌ನಷ್ಟು ಹತ್ತಿರ ಬಂದವು, ಹೊರಬದಿಯವು 4ರಿಂದ 14 ಆಂಗ್‌ಸ್ಟ್ರಾಮ್ ದೂರ ಸರಿದವು. ಒಂದು ಕಡೆ ಮುಚ್ಚುತ್ತಾ ಇನ್ನೊಂದು ಕಡೆ ತೆರೆಯುವ ಬಾಗಿಲಿನ ನೇರ ಅಳತೆ ಇದು.

ಎದುರು ದಿಕ್ಕಿನಲ್ಲಿ ಸಿಕ್ಕಿಕೊಂಡ ಮ್ಯುಟೆಂಟ್ ಒಂದಿದೆ. ಹೊರಬದಿಯಲ್ಲಿ ಎರಡು ಗೊಂಚಲುಗಳು ಎದುರುಬದುರಾಗಿ ತಾಗುವಲ್ಲಿ 46 ಮತ್ತು 262ನೇ ಗ್ಲೈಸೀನ್‌ಗಳಿವೆ. ಎರಡನ್ನೂ ದಪ್ಪ ಟ್ರಿಪ್ಟೊಫ್ಯಾನ್ ಮಾಡಿದರೆ ಬಾಗಿಲ ಸಂದಿಗೆ ತುಂಡು ಸಿಕ್ಕಿಸಿದಂತಾಗಿ ಹೊರಬದಿ ಪೂರ್ತಿ ಮುಚ್ಚಲಾರದು. ಇದೂ ಸಕ್ಕರೆ ಹಿಡಿಯುತ್ತದೆ, ಇದೂ ದಾಟಿಸುವುದಿಲ್ಲ. 2014ರಲ್ಲಿ ಬಂದ ಇದರ ರಚನೆಯಲ್ಲಿ ಒಳಬದಿ ಭದ್ರವಾಗಿ ಮುಚ್ಚಿದೆ, ಸಕ್ಕರೆ ನಡುವೆ ಅಡಕವಾಗಿದೆ, ಹೊರಬದಿಯಲ್ಲಿ ಸಣ್ಣ ಸಂದಿ ಉಳಿದಿದೆ. 2016ರಲ್ಲಿ ನ್ಯಾನೋಬಾಡಿ ಎಂಬ ಪುಟ್ಟ ಪ್ರತಿಕಾಯ ತುಣುಕೊಂದನ್ನು ಅಂಟಿಸಿ ಹೊರಮುಖ ತೆರೆದ ರಚನೆಯನ್ನೂ 3.3 ಆಂಗ್‌ಸ್ಟ್ರಾಮ್‌ನಲ್ಲಿ ಪಡೆದರು. ಸಿ154ಜಿ ಬಿಗಿದುಕೊಂಡು ನಿಂತದ್ದು, ಇದು ಅಡ್ಡ ಸಿಕ್ಕಿಸಿ ನಿಲ್ಲಿಸಿದ್ದು. ಒಂದರಲ್ಲಿ ಸಣ್ಣದು ಇನ್ನೂ ಸಣ್ಣದಾಯಿತು, ಇನ್ನೊಂದರಲ್ಲಿ ಸಣ್ಣದಿದ್ದ ಜಾಗಕ್ಕೆ ದೊಡ್ಡದು ಬಂತು.

ಬೇರೆ ಯಾವುದೇ ಸಾಗಣೆ ಪ್ರೋಟೀನಿನಲ್ಲಿ ಹಿಡಿದೂ ದಾಟಿಸದ ಮ್ಯುಟೆಂಟ್ ಎದುರಾದರೆ, ಬದಲಾದ ಅಮೈನೋ ಆಮ್ಲಕ್ಕಿಂತ ಮೊದಲು ಅದರ ಎದುರಿನ ಹೆಲಿಕ್ಸಿನಲ್ಲಿ ಏನಿದೆ ಎಂದು ನೋಡಬೇಕು. ಅಲ್ಲಿ ಗ್ಲೈಸೀನ್, ಅಲನೀನ್, ಸೆರೀನ್‌ಗಳಂಥ ಚಿಕ್ಕವು ಇದ್ದರೆ ಬಿಗಿತದ ಅನುಮಾನ ಬಲವಾಗುತ್ತದೆ. ಎದುರಿನದನ್ನು ದಪ್ಪ ಮಾಡಿ ನೋಡುವಾಗ ಆ ಬದಲಾವಣೆಯನ್ನು ಮೂಲ ಪ್ರೋಟೀನಿನಲ್ಲೂ ಒಂಟಿಯಾಗಿ ಮಾಡಿ ಅಳೆಯಬೇಕು. ಒಂಟಿ ಬದಲಾವಣೆಯೇ ಸಾಗಣೆಯನ್ನು ಕೆಡಿಸುತ್ತಿದ್ದರೆ, ಜೋಡಿ ಮ್ಯುಟೆಂಟಿನಲ್ಲಿ ಕಂಡ ಕಡಿಮೆ ಚೇತರಿಕೆಗೆ 154ರಂಥ ಜಾಗ ಎಷ್ಟು ಹೊಣೆ, ಎದುರಿನದ್ದು ಎಷ್ಟು ಹೊಣೆ ಎಂದು ಬೇರೆ ಮಾಡಲು ಆಗುವುದಿಲ್ಲ. ಪ್ರತಿ ಮ್ಯುಟೆಂಟಿಗೂ ಬ್ಲಾಟ್ ಮಾಡಿ ಪೊರೆಯಲ್ಲಿರುವ ಪ್ರೋಟೀನಿನ ಪ್ರಮಾಣದಿಂದ ಸಾಗಣೆಯ ವೇಗವನ್ನು ಭಾಗಿಸಿದ ಮೇಲೆಯೇ ಹೋಲಿಕೆ ಮಾಡಬೇಕು.